ಮಗುವಿನ ಬೆಳವಣಿಗೆ ತಡವಾದರೆ ಮಾಡತಕ್ಕದ್ದೇನು?

ಹಳ್ಳಿಗಳಲ್ಲಿ ಮನೆಮನೆಗೆ ಹೋಗುವಾಗ ನಾವು ಪದೇ ಪದೇ ಕೇಳುವ ಮಾತೊಂದುಂಟು. ಎರಡು ವರುಷ ತುಂಬಿದರೂ ಒಂದು ಮಾತನ್ನೂ ಆಡದ ಕೂಸನ್ನು ತೋರಿಸಿ ತಾಯಿಯು ಕಳವಳಪಟ್ಟರೆ, ಅತ್ತೆಯು, "ಇವನ ಅಪ್ಪನಿಗೂ ಮಾತು ತಡವಾಗಿಯೇ ಬಂತು, ಸುಮ್ಮನಿರವ್ವಾ, ತಾನಾಗಿ ಬರುತ್ತದೆ" ಎಂದು ಸಮಾಧಾನ ಹೇಳುತ್ತಾಳೆ. ಅದು ಪ್ರೀತಿಯ ಮಾತೇ. ಕೆಲವು ಮಕ್ಕಳಲ್ಲಿ ಹಾಗಾಗುವದೂ ಉಂಟು. ಆದರೆ ಯಾವ ಮಗುವಿಗೆ ತಾನಾಗಿ ಬರುವದು, ಯಾವದಕ್ಕೆ ಸಹಾಯ ಬೇಕಾಗುವದು ಎಂಬದು ಪರೀಕ್ಷೆಯಿಲ್ಲದೆ ಯಾರಿಗೂ ತಿಳಿಯದು. ಆದದರಿಂದ ಕಾಯಬಾರದೆಂಬದೇ ಈ ಪಾಠದ ಸಾರವು.

1. ಕಾಯಬಾರದು ಯಾಕೆ? ಹುಟ್ಟಿದ ಮೇಲೆ ಮೊದಲಿನ ಮೂರು ವರುಷಗಳಲ್ಲಿ ಮಿದುಳು ಬೆಳೆಯುವಷ್ಟು ಬೇಗನೆ ಮುಂದೆಂದೂ ಬೆಳೆಯುವದಿಲ್ಲ. ಕಿವಿ ಕೇಳದ ಕೂಸಿಗೆ ಮಾತು ಬಾರದಿರುವದು ನಾಲಿಗೆಯ ದೋಷದಿಂದಲ್ಲ, ಮಾತು ಅದರ ಕಿವಿಗೆ ಬೀಳದ್ದರಿಂದಲೇ. ಆರು ತಿಂಗಳೊಳಗೆ ಶ್ರವಣಯಂತ್ರವನ್ನೂ ಶಿಕ್ಷಣವನ್ನೂ ಕೊಟ್ಟರೆ ಅದು ಮಾತನ್ನು ಬಹು ಚೆನ್ನಾಗಿ ಕಲಿಯಬಲ್ಲದು. ಐದು ವರುಷದ ಮೇಲೆ ಅದೇ ಯಂತ್ರವನ್ನು ಕೊಟ್ಟರೆ ಅಷ್ಟು ಫಲವಾಗದು. ಥೈರಾಯ್ಡ್ ಗ್ರಂಥಿಯ ರಸವು ಸಾಲದೆ ಹುಟ್ಟಿದ ಕೂಸಿಗೆ ಮೊದಲಿನ ವಾರಗಳಲ್ಲೇ ಮಾತ್ರೆಯನ್ನು ಆರಂಭಿಸಿದರೆ ಬುದ್ಧಿಯ ಕುಂದನ್ನು ಬಹುಮಟ್ಟಿಗೆ ತಪ್ಪಿಸಬಹುದು.

2. ಗುರುತುಗಳು ಯಾವವು? ಮೂರು ತಿಂಗಳಾದರೂ ತಾಯಿಯ ಮುಖ ನೋಡಿ ನಗದಿರುವದು, ಐದು ತಿಂಗಳಾದರೂ ಕತ್ತು ನಿಲ್ಲದಿರುವದು, ಒಂಬತ್ತು ತಿಂಗಳು ಕಳೆದರೂ ಆಸರೆಯಿಲ್ಲದೆ ಕೂಡ್ರದಿರುವದು, ಹದಿನೆಂಟು ತಿಂಗಳಾದರೂ ನಡೆಯದಿರುವದು, ಎರಡು ವರುಷವಾದರೂ ಎರಡು ಶಬ್ದಗಳನ್ನು ಜೋಡಿಸದಿರುವದು, ಸದ್ದಿಗೆ ತಿರುಗದಿರುವದು. ಕಲಿತದ್ದನ್ನು ಮಗುವು ಮರೆಯತೊಡಗಿದರೆ ಒಂದು ವಾರವೂ ತಡೆಯಬಾರದು. ದಿನ ತುಂಬುವದಕ್ಕೆ ಮುಂಚೆ ಹುಟ್ಟಿದ ಕೂಸಿನ ವಯಸ್ಸನ್ನು, ದಿನ ತುಂಬಬೇಕಾಗಿದ್ದ ತಾರೀಖಿನಿಂದ ಎಣಿಸತಕ್ಕದ್ದು.

3. ತಪ್ಪು ಯಾರದು? ಅವಧಿಗೆ ಮುಂಚಿನ ಹೆರಿಗೆ, ಹುಟ್ಟಿದಾಗ ಉಸಿರು ತಡೆದದ್ದು, ಎಳೆಗೂಸಿನ ಕಠಿಣ ಕಾಮಾಲೆ ಮುಂತಾದವು ಕಾರಣಗಳಾಗಬಹುದು. ಕೆಲವು ಸಾರಿ ಕಾರಣವೇ ತಿಳಿಯದು. ತಾಯಿಯ ಕಾಲ್ಗುಣವೆಂದೂ, ಹೆತ್ತವರ ಪಾಪದ ಫಲವೆಂದೂ ಹೇಳುವದು ಸುಳ್ಳು ಮಾತ್ರವಲ್ಲ, ಕ್ರೂರವೂ ಆಗಿದೆ. ಯಾಕಂದರೆ ಆ ನಿಂದೆಗೆ ಅಂಜಿಯೇ ಅನೇಕ ತಾಯಂದಿರು ಮಗುವನ್ನು ಒಳಗೆ ಮುಚ್ಚಿಡುತ್ತಾರೆ. ಸಹಾಯದ ಕಾಲವು ಹಾಗೆಯೇ ಕಳೆದುಹೋಗುತ್ತದೆ.

4. ಎಲ್ಲಿಗೆ ಹೋಗಬೇಕು? ಮೊದಲು ಊರಿನ ಆಶಾ ಕಾರ್ಯಕರ್ತೆಗಾಗಲಿ ಅಂಗನವಾಡಿಯವರಿಗಾಗಲಿ ತಿಳಿಸಬೇಕು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಮೇರೆಗೆ, ವೈದ್ಯರ ತಂಡವು ವರುಷಕ್ಕೆ ಎರಡಾವರ್ತಿ ಅಂಗನವಾಡಿಗೆ ಬಂದು ಮಕ್ಕಳನ್ನು ಪರೀಕ್ಷಿಸತಕ್ಕದ್ದು. ಕುಂದು ಕಂಡವರನ್ನು ಜಿಲ್ಲೆಯ ಡಿ.ಇ.ಐ.ಸಿ. ಎಂಬ ಕೇಂದ್ರಕ್ಕೆ ಕಳುಹಿಸುತ್ತಾರೆ. ಚಿಕಿತ್ಸೆಗೆ ಹಣವಿಲ್ಲ. ಕಿವಿ ಮತ್ತು ಮಾತಿನ ವಿಷಯಕ್ಕೆ 1965ರಲ್ಲಿ ಸ್ಥಾಪಿತವಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯುಂಟು.

5. ಮನೆಯವರ ಕೆಲಸವೇನು? ಕೇಂದ್ರದಲ್ಲಿ ತೋರಿಸುವದು ಸ್ವಲ್ಪ ಹೊತ್ತು, ನಡಿಸಬೇಕಾದದ್ದು ದಿನವೆಲ್ಲಾ. ಎರೆಯುವಾಗ ಕೈಕಾಲುಗಳ ಹೆಸರು ಹೇಳುವದು, ಉಣಿಸುವಾಗ ಮುಖ ನೋಡಿ ಮಾತಾಡುವದು, ಬಟ್ಟಲು ಚಮಚಗಳಿಂದ ಆಡಿಸುವದು, ಕಲಿಸಿದ ರೀತಿಯಲ್ಲಿ ಕೂಡ್ರಿಸುವದು, ಇವೇ ಔಷಧಗಳು. ಎಲ್ಲಾ ಮಕ್ಕಳು ಓರಗೆಯವರ ಸಮಕ್ಕೆ ಬರುವರೆಂದು ನಾವು ಹೇಳುವದಿಲ್ಲ. ಆದರೆ ತನ್ನ ಕೈಯಿಂದ ಒಂದು ತುತ್ತು ಉಣ್ಣಲು ಕಲಿಯುವದೂ ಆ ಮಗುವಿಗೆ ದೊಡ್ಡ ಲಾಭವು.

ಕೂಲಿಯ ತಾಯಿಗೆ ಪಟ್ಟಣಕ್ಕೆ ಹೋಗುವದೆಂದರೆ ಒಂದು ದಿನದ ಗಳಿಕೆ ಹೋದಂತೆಯೇ. ಆದಕಾರಣ ನೆರೆಯವರು ಬಸ್ಸಿನ ಖರ್ಚನ್ನು ಕೊಡಲಿ. ಒಬ್ಬರು ಸಂಗಡ ಹೋಗಲಿ. ಮತ್ತೊಬ್ಬರು ಮನೆಯಲ್ಲಿರುವ ಮಕ್ಕಳನ್ನು ನೋಡಿಕೊಳ್ಳಲಿ.

ವಿಚಾರಿಸತಕ್ಕ ಪ್ರಶ್ನೆಗಳು: ನಮ್ಮ ಓಣಿಯಲ್ಲಿ ಇಂಥ ಮಗುವುಂಟೋ? ಅದರ ತಾಯಿಗೆ ನಾವು ಇದುವರೆಗೆ ಹೇಳಿದ ಮಾತು ಯಾವದು? ಈ ವಾರದಲ್ಲಿ ಅವಳ ಸಂಗಡ ಹೋಗುವವರು ಯಾರು?