ಪಾಲಿಶ್ ಬಟ್ಟೆ ಮುದ್ದೆ ಮಾಡಿ ಎಸೆಯಬೇಡಿ

ಕಲಬುರಗಿ, ಕಮಲಾಪುರದಲ್ಲಿ ಬಡಿಗತನದ ಅಂಗಡಿ ಇಟ್ಟಿರುವ ಅಣ್ಣತಮ್ಮಂದಿರೇ, ಮೊದಲು ಅಗಸೆ ಎಣ್ಣೆ ಒರೆಸಿದ ಬಟ್ಟೆಯ ಮಾತು. ಈ ಎಣ್ಣೆ ಗಾಳಿ ಸೋಕಿ ಒಣಗುವಾಗ ತಾನೇ ಬಿಸಿಯಾಗುತ್ತದೆ. ಬಟ್ಟೆ ಮುದ್ದೆಯಾಗಿ ಮೂಲೆಯಲ್ಲಿ ಬಿದ್ದಿದ್ದರೆ ಆ ಬಿಸಿ ಹೊರಹೋಗದೆ, ಕಡ್ಡಿ ಗೀರದೆಯೇ ಬೆಂಕಿ ಹತ್ತಬಹುದು. ಬೇಸಿಗೆಯಲ್ಲಿ ನಮ್ಮ ಕಡೆ 40 ಡಿಗ್ರಿ ದಾಟುವ ಬಿಸಿಲು ಬೇರೆ. ಪಕ್ಕದಲ್ಲೇ ಹೊಟ್ಟಿನ ರಾಶಿ. ಸಂಜೆ ಬಾಗಿಲು ಹಾಕುವ ಮುಂಚೆ ಆ ಬಟ್ಟೆಯನ್ನು ನೀರು ತುಂಬಿದ ತಗಡಿನ ಡಬ್ಬಿಯಲ್ಲಿ ಮುಳುಗಿಸಿ, ಮುಚ್ಚಳ ಹಾಕಿ.

ಉಳಿದ ಥಿನ್ನರ್ ಗಟಾರಕ್ಕೆ ಸುರಿಯಬೇಡಿ. ಮುಚ್ಚಿದ ಡಬ್ಬಿಯಲ್ಲಿ ಅಲುಗಾಡಿಸದೆ ಇಟ್ಟರೆ ಬಣ್ಣ ತಳಕ್ಕೆ ಕೂರುತ್ತದೆ. ಮೇಲಿನ ತಿಳಿ ಬ್ರಶ್ ತೊಳೆಯಲು ಮತ್ತೆ ಬರುತ್ತದೆ. ತಳದ ಗಸಿ ಎಲ್ಲಿಗೆ ಕೊಡಬೇಕೆಂದು ಕಲಬುರಗಿಯ ಮಾಲಿನ್ಯ ನಿಯಂತ್ರಣ ಮಂಡಳಿ ಕಚೇರಿಯಲ್ಲಿ ಕೇಳಿ, ಸಂಕೋಚ ಬೇಡ.

ಸಾಗವಾನಿ ಹೊಟ್ಟು ಒಲೆಗೆ ನಡೆಯುತ್ತದೆ. ಪ್ಲೈವುಡ್, ಎಂಡಿಎಫ್ ಹೊಟ್ಟು, ಗೆದ್ದಲ ಔಷಧಿ ಹೊಡೆದ ಕಟ್ಟಿಗೆಯ ಚೂರು ಚಹಾದ ಒಲೆಗೂ ಬೇಡ, ದನದ ಕೊಟ್ಟಿಗೆಗೂ ಬೇಡ. ಮರದ ಧೂಳು ಕ್ಯಾನ್ಸರ್ ತರುತ್ತದೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲೇ ಹೇಳಿದೆ. ಮುಖಕ್ಕೆ ಟವೆಲ್ ಸುತ್ತಿಕೊಂಡರೆ ಸಾಲದು. ನೀವೂ ಎನ್95 ಮಾಸ್ಕ್ ಹಾಕಿ, ಕೈಕೆಳಗಿನವರಿಗೂ ಕೊಡಿಸಿ.