ಹಾಸಿಗೆ ಎತ್ತುವ ಬೆನ್ನಿಗೆ ಕಾನೂನಿನ ಆಸರೆ

ಕಿಂಗ್ ಸೈಜ್ ಹಾಸಿಗೆ ಅಂದರೆ ಸುಮಾರು ನೂರು ಪೌಂಡ್, ನಮ್ಮ ಲೆಕ್ಕದಲ್ಲಿ 45 ಕಿಲೋ. ಅದರಡಿಗೆ ಚಾದರ ಸಿಕ್ಕಿಸಬೇಕಾದರೆ ಹೌಸ್‌ಕೀಪಿಂಗ್ ಹೆಂಗಸು ಸೊಂಟ ಬಗ್ಗಿಸಿ, ಒಂದು ಕೈಯಲ್ಲಿ ಹಾಸಿಗೆಯ ಮೂಲೆ ಎತ್ತಿ ಹಿಡಿದು, ಇನ್ನೊಂದು ಕೈಯಿಂದ ಬಟ್ಟೆಯನ್ನು ಒಳಕ್ಕೆ ತಳ್ಳಬೇಕು. ಒಂದೊಂದು ಮೂಲೆಗೂ ಇದೇ ಕೆಲಸ. ಅದು ಮುಗಿದರೆ ಬಾತ್‌ಟಬ್ ಮುಂದೆ ಮಂಡಿಯೂರಿ ಉಜ್ಜುವುದು, ತಲೆಗಿಂತ ಎತ್ತರದ ಕನ್ನಡಿ ಒರೆಸುವುದು, ಒದ್ದೆ ಟವೆಲ್ ತುಂಬಿದ ಗಾಡಿಯನ್ನು ದಪ್ಪ ಕಾರ್ಪೆಟ್ ಮೇಲೆ ನೂಕುವುದು. ಸಂಜೆಗೆ ಭುಜ ಮೇಲೇಳುವುದಿಲ್ಲ. ಈ ನೋವು ಕೆಲಸದಿಂದಲೇ ಬಂದದ್ದು, ಅದನ್ನು ತಡೆಯುವ ಹೊಣೆ ಮಾಲೀಕನದು ಎಂದು ಅಮೆರಿಕದಲ್ಲಿ ಮೊದಲು ಪ್ರತ್ಯೇಕ ನಿಯಮ ಬರೆದದ್ದು ಕ್ಯಾಲಿಫೋರ್ನಿಯಾ ರಾಜ್ಯ.

ಅದು ಸುಲಭವಾಗಿ ಬರಲಿಲ್ಲ. ಮೂಲೆಗೆ ಎಲಾಸ್ಟಿಕ್ ಇರುವ ಚಾದರ, ಉದ್ದ ಹಿಡಿಯ ಬ್ರಷ್ ಕಡ್ಡಾಯವಾಗಲಿ ಎಂದು 2011ರಲ್ಲಿ ರಾಜ್ಯದ ಶಾಸನಸಭೆಗೆ ಬಂದ ಮಸೂದೆ ಅಲ್ಲೇ ಬಿದ್ದುಹೋಯಿತು. ಮರುವರ್ಷ ಹೋಟೆಲ್ ಕಾರ್ಮಿಕರ ಸಂಘಟನೆ 'ಯುನೈಟ್ ಹಿಯರ್' ರಾಜ್ಯದ ಕಾರ್ಮಿಕ ಸುರಕ್ಷತಾ ಮಂಡಳಿಗೆ ನೇರವಾಗಿ ಅರ್ಜಿ ಹಾಕಿತು. ಆರು ವರ್ಷ ವಿಚಾರಣೆ, ಸಭೆ, ಕರಡು, ಆಕ್ಷೇಪಣೆಗಳಲ್ಲೇ ಕಳೆಯಿತು. ಕೊನೆಗೆ 2018ರ ಜನವರಿಯಲ್ಲಿ ಮಂಡಳಿ ಒಪ್ಪಿತು, ಜುಲೈ 1ರಿಂದ ನಿಯಮ ಜಾರಿಗೆ ಬಂತು. 3345ನೇ ಕಲಮು ಎಂದರೆ ಸಂಬಂಧಪಟ್ಟವರಿಗೆಲ್ಲ ಗೊತ್ತಾಗುತ್ತದೆ.

ಹೋಟೆಲ್, ಮೋಟೆಲ್, ರೆಸಾರ್ಟ್ ಎಲ್ಲಕ್ಕೂ ಇದು ಅನ್ವಯಿಸುತ್ತದೆ. ಇಂತಿಷ್ಟು ಕೋಣೆ ಇದ್ದರೆ ಮಾತ್ರ ಎಂಬ ಷರತ್ತಿಲ್ಲ. ಪರಿಚಯದವರ ಸಣ್ಣ ಮೋಟೆಲ್‌ನಲ್ಲಿ ಕೆಲಸಕ್ಕಿರುವ ಕನ್ನಡಿಗರು ಇದನ್ನು ಮೊದಲು ತಿಳಿದಿರಬೇಕು. ಅಂಥ ಮೋಟೆಲ್ ನಡೆಸುವ ಕನ್ನಡಿಗರೂ ಅಷ್ಟೇ. ಮಾಲೀಕರು ಗಾಯ ತಡೆಯುವ ಯೋಜನೆಯನ್ನು ಬರಹದಲ್ಲಿ ಇಟ್ಟಿರಬೇಕು, ಪಾಳಿಯ ಹೊತ್ತಿನಲ್ಲಿ ಯಾರು ಕೇಳಿದರೂ ಅದು ಕೈಗೆ ಸಿಗಬೇಕು. ಕೆಲಸದ ಜಾಗದಲ್ಲಿ ಎಲ್ಲೆಲ್ಲಿ ಅಪಾಯವಿದೆ ಎಂದು ಪರಿಶೀಲಿಸಬೇಕು, ಆ ಪರಿಶೀಲನೆಯಲ್ಲಿ ಕೋಣೆ ಸ್ವಚ್ಛ ಮಾಡುವವರನ್ನೂ ಅವರ ಯೂನಿಯನ್ ಪ್ರತಿನಿಧಿಯನ್ನೂ ಸೇರಿಸಿಕೊಳ್ಳಬೇಕು, ಕನಿಷ್ಠ ವರ್ಷಕ್ಕೊಮ್ಮೆ ಮತ್ತೆ ನೋಡಬೇಕು. ಈ ನಿಯಮದಲ್ಲಿ ನನಗೆ ಬಹಳ ಮುಖ್ಯವಾಗಿ ಕಾಣುವುದು ಇದೇ. ಆಫೀಸಿನಲ್ಲಿ ಕೂತ ಮ್ಯಾನೇಜರನಿಗೆ ಟಬ್ಬಿನ ಒಳಮೂಲೆಗೆ ಕೈ ಎಟುಕದ ಕಷ್ಟ ಹೇಗೆ ಗೊತ್ತಾಗಬೇಕು? ತರಬೇತಿ ಪ್ರತಿವರ್ಷ ಕೊಡಬೇಕು, ಅದೂ ಕೆಲಸಗಾರರಿಗೆ ಸುಲಭವಾಗಿ ಅರ್ಥವಾಗುವ ಭಾಷೆಯಲ್ಲಿ. ಇಂಗ್ಲಿಷ್ ವಿಡಿಯೊ ತೋರಿಸಿ ಸಹಿ ಹಾಕಿಸಿಕೊಂಡರೆ ಸಾಲದು. ಇಂಗ್ಲಿಷ್ ಬಾರದವರು 'ನನಗೆ ತಿಳಿಯುವ ಭಾಷೆಯಲ್ಲಿ ಹೇಳಿಕೊಡಿ' ಎಂದು ಸಂಕೋಚವಿಲ್ಲದೆ ಕೇಳಬಹುದು.

ಆದರೆ ದಿನಕ್ಕೆ ಎಷ್ಟು ಕೋಣೆ ಎಂಬುದನ್ನು ರಾಜ್ಯದ ನಿಯಮ ಹೇಳುವುದಿಲ್ಲ. ಅತಿಯಾದ ಕೆಲಸದ ವೇಗವನ್ನು ಅಪಾಯಗಳ ಪಟ್ಟಿಯಲ್ಲಿ ಸೇರಿಸಿದೆ, ಮಿತಿ ಹಾಕಿಲ್ಲ. ಎಷ್ಟೇ ಒಳ್ಳೆಯ ಬ್ರಷ್ ಕೊಟ್ಟರೂ ಕೋಣೆಗಳ ಸಂಖ್ಯೆ ಇಳಿಯದಿದ್ದರೆ ಬೆನ್ನು ಉಳಿಯುವುದಿಲ್ಲ. ಈ ಕೊರತೆಯನ್ನು ತುಂಬಲು ಹೊರಟವು ಕೆಲವು ನಗರಾಡಳಿತಗಳು, ಮತ್ತು ಅವುಗಳ ನಿಲುವು ಊರಿಂದೂರಿಗೆ ಬೇರೆ.

ಎಮರಿವಿಲ್ ಎಂಬ ಪುಟ್ಟ ಊರಿನ ಮತದಾರರು 2005ರಲ್ಲೇ ಒಬ್ಬರು ದಿನಕ್ಕೆ ಸ್ವಚ್ಛ ಮಾಡುವ ಜಾಗಕ್ಕೆ 5,000 ಚದರಡಿಯ ಮಿತಿ ತಂದಿದ್ದರು. ಲಾಂಗ್ ಬೀಚ್ ನಗರ ಪರಿಷತ್ತು ಇಂಥದೇ ಪ್ರಸ್ತಾಪವನ್ನು 2017ರಲ್ಲಿ ತಿರಸ್ಕರಿಸಿತು. ಮರುವರ್ಷ ನವೆಂಬರಿನಲ್ಲಿ ಅಲ್ಲಿನ ಜನರೇ ಮತ ಹಾಕಿ, ದೊಡ್ಡ ಹೋಟೆಲುಗಳಲ್ಲಿ ಎಂಟು ಗಂಟೆಗೆ 4,000 ಚದರಡಿ ಎಂದು ನಿಗದಿ ಮಾಡಿದರು. ಓಕ್ಲಂಡ್ ಮತದಾರರೂ ಅದೇ ಚುನಾವಣೆಯಲ್ಲಿ ಅದನ್ನೇ ಮಾಡಿದರು. ಲಾಸ್ ಏಂಜಲೀಸ್‌ನಲ್ಲಿ 2022ರಲ್ಲಿ ನಗರ ಪರಿಷತ್ತೇ ಕಾನೂನು ಮಾಡಿತು: 60 ಅಥವಾ ಅದಕ್ಕಿಂತ ಹೆಚ್ಚು ಕೋಣೆಯ ಹೋಟೆಲಾದರೆ 3,500 ಚದರಡಿ, 45ರಿಂದ 59 ಕೋಣೆಯದಾದರೆ 4,000. ಮಿತಿ ಮೀರಿದರೆ ಆ ದಿನದ ಪೂರ್ತಿ ಕೆಲಸಕ್ಕೆ ದುಪ್ಪಟ್ಟು ಕೂಲಿ. 300 ಚದರಡಿಯ ಕೋಣೆ ಎಂದುಕೊಂಡರೆ 3,500ಕ್ಕೆ ಹನ್ನೊಂದು ಕೋಣೆ ಚಿಲ್ಲರೆ ಬರುತ್ತದೆ. ನಿಮ್ಮ ಹೋಟೆಲಿನ ಅಳತೆ ತಿಳಿದುಕೊಂಡು ನೀವೇ ಲೆಕ್ಕ ಹಾಕಿ ನೋಡಿ. ಅನಾಹೈಮ್‌ನಲ್ಲಿ ಮಾತ್ರ 2023ರ ಅಕ್ಟೋಬರಿನಲ್ಲಿ ಮತದಾರರು ಇಂಥ ಪ್ರಸ್ತಾಪವನ್ನು ಬೇಡವೆಂದರು. ಹಾಗಾಗಿ ಪಕ್ಕದೂರಿನ ಗೆಳತಿಗೆ ಸಿಗುವ ಹಕ್ಕು ನಿಮಗೂ ಇದೆ ಎಂದು ನಂಬಿ ಕೂರಬೇಡಿ. ಹೋಟೆಲ್ ಯಾವ ನಗರದ ಗಡಿಯೊಳಗಿದೆ, ಅದರಲ್ಲಿ ಎಷ್ಟು ಕೋಣೆ ಎಂದು ಮೊದಲು ನೋಡಿಕೊಳ್ಳಿ.

ಒಂಟಿಯಾಗಿ ಕೋಣೆಯೊಳಗೆ ಹೋಗುವವರಿಗೆ ಪ್ಯಾನಿಕ್ ಬಟನ್ ಕೊಡಬೇಕೆಂದೂ ಓಕ್ಲಂಡ್, ಲಾಂಗ್ ಬೀಚ್, ಲಾಸ್ ಏಂಜಲೀಸ್ ಹೇಳುತ್ತವೆ. ಅತಿಥಿ ಅಸಭ್ಯವಾಗಿ ನಡೆದುಕೊಂಡರೆ ಕೆಲಸ ಅಲ್ಲಿಗೇ ಬಿಟ್ಟು ಹೊರಬರಬಹುದು. ಮಕ್ಕಳ ಮನೆಗೆಂದು ಅಲ್ಲಿಗೆ ಹೋಗಿ ಹೋಟೆಲಿನಲ್ಲಿ ಉಳಿದವರು ಕೋಣೆಯ ಬಾಗಿಲಿನ ಒಳಬದಿಯಲ್ಲಿ ಈ ಬಗ್ಗೆ ಅಂಟಿಸಿದ ಸೂಚನೆ ಕಂಡಿರಬಹುದು.

ನಿಯಮ ಮುರಿದರೆ ಎಲ್ಲಿಗೆ ಹೋಗಬೇಕು? ಯೋಜನೆ, ತರಬೇತಿ, ಸಲಕರಣೆಯ ವಿಷಯವಾದರೆ ರಾಜ್ಯದ ಕಾರ್ಮಿಕ ಸುರಕ್ಷತಾ ಇಲಾಖೆಯಾದ ಕ್ಯಾಲ್-ಓಶಾದ ಜಿಲ್ಲಾ ಕಚೇರಿಗೆ. ಫೋನಿನಲ್ಲಿ ಹೇಳಿದರೂ ದೂರು ಎಂದೇ ತೆಗೆದುಕೊಳ್ಳುತ್ತಾರೆ, ದೂರು ಕೊಟ್ಟವರ ಹೆಸರನ್ನು ಮಾಲೀಕರಿಗೆ ತಿಳಿಸುವುದಿಲ್ಲ. ಚದರಡಿ ಮಿತಿ, ದುಪ್ಪಟ್ಟು ಕೂಲಿ, ಪ್ಯಾನಿಕ್ ಬಟನ್ ವಿಷಯ ಆಯಾ ನಗರದ ಕಾನೂನಿಗೆ ಸೇರಿದ್ದು. ಲಾಸ್ ಏಂಜಲೀಸ್‌ನಲ್ಲಿ ನಗರದ ವೇತನ ಮಾನದಂಡ ಕಚೇರಿಯಲ್ಲಿ ವಿಚಾರಿಸಿ, ಬೇಕಿದ್ದರೆ ನ್ಯಾಯಾಲಯಕ್ಕೂ ಹೋಗಬಹುದು. ಯಾವ ದಿನ ಯಾವ ಕೋಣೆ, ಎಷ್ಟು ಚೆಕ್‌ಔಟ್ ಎಂದು ನಿಮ್ಮದೇ ಪುಸ್ತಕದಲ್ಲಿ ಬರೆದಿಟ್ಟಿರಿ. ಸೂಪರ್‌ವೈಸರ್ ಬೆಳಿಗ್ಗೆ ಕೊಡುವ ಪಟ್ಟಿಯ ಫೋಟೊ ಇದ್ದರೆ ಇನ್ನೂ ಒಳ್ಳೆಯದು.

ಗಾಯವಾಗಿದ್ದರೆ ದಾರಿ ಬೇರೆ. 30 ದಿನದೊಳಗೆ ಮಾಲೀಕರಿಗೆ ತಿಳಿಸಬೇಕು, ಬರಹದಲ್ಲಾದರೆ ಲೇಸು. ದಿನದಿಂದ ದಿನಕ್ಕೆ ಬೆಳೆದ ಭುಜದ ನೋವನ್ನು 'ತಾನಾಗಿ ಹೋಗುತ್ತದೆ' ಎಂದು ನುಂಗಿಕೊಂಡು ಅವಧಿ ಕಳೆದುಕೊಳ್ಳುವವರು ಬಹಳ. ದಯವಿಟ್ಟು ಹಾಗೆ ಮಾಡಬೇಡಿ. ತಿಳಿಸಿದ ಮೇಲೆ ಒಂದು ಕೆಲಸದ ದಿನದೊಳಗೆ ಅವರು ನಿಮಗೆ ಪರಿಹಾರದ ಕ್ಲೇಮ್ ಫಾರ್ಮ್ ಕೊಡಬೇಕು. ಅದನ್ನು ತುಂಬಿ ಕೊಟ್ಟರೆ, ತೀರ್ಮಾನ ಆಗುವವರೆಗೆ 10,000 ಡಾಲರ್‌ವರೆಗಿನ ಚಿಕಿತ್ಸೆಯ ವೆಚ್ಚ ಅವರ ಕಡೆಯದು.

ದೂರು ಕೊಟ್ಟದ್ದಕ್ಕೆ ಪಾಳಿ ಕಡಿತ ಮಾಡುವುದು, ಕೆಲಸದಿಂದ ತೆಗೆಯುವುದು, 'ನಿನ್ನ ವೀಸಾ ಏನಿದೆ' ಎಂದು ಹೆದರಿಸುವುದು ಕಾನೂನುಬಾಹಿರ. ಕ್ಯಾಲಿಫೋರ್ನಿಯಾದ ಕಾರ್ಮಿಕ ಕಾನೂನಿನ ರಕ್ಷಣೆ ಪಡೆಯಲು ವಲಸೆಯ ಕಾಗದಪತ್ರ ಅಡ್ಡಿಯಾಗದು. ಹಾಗೆ ಸೇಡು ತೀರಿಸಿಕೊಂಡರೆ ರಾಜ್ಯದ ಲೇಬರ್ ಕಮಿಷನರ್ ಬಳಿ ಒಂದು ವರ್ಷದೊಳಗೆ ದೂರು ಕೊಡಬಹುದು. ಒಕ್ಕೂಟ ಸರ್ಕಾರದ ಕಾರ್ಮಿಕ ಸುರಕ್ಷತಾ ಸಂಸ್ಥೆ ಓಶಾಕ್ಕೆ ಹೋಗುವುದಾದರೆ ಇರುವುದು 30 ದಿನ ಮಾತ್ರ, ಹಾಗಾಗಿ ಎರಡೂ ಕಡೆ ಹೋಗುವ ಯೋಚನೆಯಿದ್ದರೆ ಓಶಾದ ದೂರನ್ನು ಮೊದಲು ಮುಗಿಸಿಕೊಳ್ಳಿ.