ಹಿಮಾನೀದರ್ಶನ

ಕೆಂಗೇರಿ ಉಪನಗರದ ಬಾಲಕನಿಗೆ ಪ್ರಕೃತಿದತ್ತವಾದ ಮಂಜುಗಡ್ಡೆಯ ಪರಿಚಯವಿರುವುದು ಒಂದೇ ರೂಪದಲ್ಲಿ, ಅದು ಆಲಿಕಲ್ಲು. ಚೈತ್ರ ವೈಶಾಖಗಳ ಗುಡುಗುಮಳೆಯಲ್ಲಿ ಅದು ಅಪರೂಪಕ್ಕೆ ಅಂಗಳಕ್ಕೆ ಬಂದು ಬೀಳುತ್ತದೆ. ಮಕ್ಕಳು ಓಡಿಹೋಗಿ ಆಯ್ದು ಅಂಗೈಯಲ್ಲಿ ಹಿಡಿಯುತ್ತಾರೆ. ಹಿರಿಯರು ಗದರಿಸುವಷ್ಟರಲ್ಲಿ ಅದು ನೀರಾಗಿ ಬೆರಳಸಂದಿನಿಂದ ಇಳಿದುಹೋಗಿರುತ್ತದೆ. ಇಂತಹ ಬಾಲಕನು ಹರದಾರಿಗಟ್ಟಲೆ ಉದ್ದದ, ನೂರಾರು ವರ್ಷಗಳಿಂದ ಕರಗಿ ಮುಗಿಯದ ಹಿಮರಾಶಿಯೊಂದರ ಎದುರಿಗೆ ನಿಂತರೆ ಅವನು ಕಲಿಯಬೇಕಾದುದೇನು?

ಈ ಪ್ರಶ್ನೆಯು ಕೇವಲ ಕಲ್ಪನೆಯದಲ್ಲ. ಯುದ್ಧಕಾಲದಲ್ಲಿ ಗಾಯಾಳುಗಳನ್ನು ಸಾಗಿಸಿದ ಸ್ವಯಂಸೇವಕರ ಎ.ಎಫ್.ಎಸ್. ಸಂಸ್ಥೆಯು, ದೇಶದೇಶಗಳ ತರುಣರು ಪರಸ್ಪರರನ್ನು ಅರಿತರೆ ಯುದ್ಧಗಳು ಕಡಮೆಯಾದಾವೆಂಬ ಆಶೆಯಿಂದ 1947ರಲ್ಲಿ ಪ್ರೌಢಶಾಲಾ ವಿದ್ಯಾರ್ಥಿಗಳ ವಿನಿಮಯವನ್ನು ಆರಂಭಿಸಿತು. ರೋಟರಿ ಸಂಸ್ಥೆಯೂ ಇಂತಹ ಯೋಜನೆಯನ್ನು ನಡೆಸುತ್ತದೆ. ಹೀಗೆ ಹೋದ ವಿದ್ಯಾರ್ಥಿಯು ಪರದೇಶದ ಗೃಹಸ್ಥರ ಮನೆಯಲ್ಲಿ ಮನೆಯ ಮಗುವಾಗಿ ಇದ್ದು, ಅಲ್ಲಿಯ ಶಾಲೆಯಲ್ಲಿ ಓದುತ್ತಾನೆ. ಕೆನಡ, ಅಲಾಸ್ಕ, ಸ್ವಿಟ್ಜರ್ಲೆಂಡುಗಳಂತಹ ನಾಡುಗಳಲ್ಲಿ ಆ ತರುಣರನ್ನು ಒಟ್ಟುಗೂಡಿಸಿ ಹಿಮನದಿಯನ್ನು ತೋರಿಸುವುದುಂಟು. ಅಷ್ಟು ದೂರ ಹೋಗಲಾರದವರಿಗೆ ಉತ್ತರಾಖಂಡದ ಗಂಗೋತ್ರಿ, ಕೇದಾರಗಳಿವೆ. ಎಲ್ಲಿಗೆ ಹೋದರೂ ಪೂರ್ವಸಿದ್ಧತೆಯಿಲ್ಲದೆ ಹೋದವನು ಛಾಯಾಚಿತ್ರವೊಂದನ್ನು ತರುತ್ತಾನೆ. ಅರಿತು ಹೋದವನು ವಿದ್ಯೆಯನ್ನು ತರುತ್ತಾನೆ.

ಶಬ್ದವಿಚಾರ

ಮೊದಲು ಹೆಸರನ್ನು ತಿಳಿಯುವುದು ಯುಕ್ತ. ಹಿಮವೆಂಬ ಪದಕ್ಕೆ ಸಂಸ್ಕೃತದಲ್ಲಿ ಸ್ತ್ರೀಪ್ರತ್ಯಯವು ಸೇರಿ ‘ಹಿಮಾನಿ’ ಎಂದಾಗುತ್ತದೆ. ‘ಇಂದ್ರಾಣಿ’ ಎಂಬಲ್ಲಿ ಪತ್ನಿಯೆಂಬ ಅರ್ಥವನ್ನು ಕೊಡುವ ರೂಪವೇ ಇಲ್ಲಿ ಹಿರಿಮೆಯನ್ನು ಹೇಳುತ್ತದೆ. ಹಿಮಾನಿಯೆಂದರೆ ಮಹತ್ತಾದ ಹಿಮರಾಶಿ, ಅರಣ್ಯಾನಿಯೆಂದರೆ ಮಹಾರಣ್ಯ. ‘ನೀರ್ಗಲ್ಲು’ ಎಂಬುದು ಅಚ್ಚಗನ್ನಡ. ನೀರ್ ಮತ್ತು ಕಲ್ಲು ಸೇರಿ, ಕಕಾರಕ್ಕೆ ಗಕಾರವು ಆದೇಶವಾಗಿ ಬಂದ ಸಮಾಸಪದ. ‘ಹಿಮನದಿ’ ಎಂಬುದು ಈಗ ಪಠ್ಯಪುಸ್ತಕಗಳಲ್ಲಿ ನೆಲೆಗೊಂಡಿರುವ ಹೆಸರು. ಮೂರು ಪದಗಳೂ ಒಂದೊಂದು ಗುಣವನ್ನು ಹೇಳುತ್ತವೆ: ಹಿಮಾನಿ ಅದರ ಗಾತ್ರವನ್ನು, ನೀರ್ಗಲ್ಲು ಅದರ ಕಾಠಿಣ್ಯವನ್ನು, ಹಿಮನದಿ ಅದರ ಚಲನೆಯನ್ನು.

ನಿಂತಂತೆ ಕಾಣುವುದರ ನಡೆ

ಕಲ್ಲಿನಂತಿರುವುದು ನದಿಯಂತೆ ಹರಿಯುವುದು ಹೇಗೆ? ಪರ್ವತದ ಎತ್ತರದ ತಾಣಗಳಲ್ಲಿ ಬೇಸಗೆಯಲ್ಲಿ ಕರಗುವುದಕ್ಕಿಂತ ಹೆಚ್ಚಾದ ಹಿಮವು ಚಳಿಗಾಲದಲ್ಲಿ ಬೀಳುತ್ತದೆ. ಅರಳೆಯಂತಹ ಆ ಹಿಮವು ವರ್ಷವರ್ಷವೂ ಪದರಪದರವಾಗಿ ಒಟ್ಟಲ್ಪಟ್ಟು, ಮೇಲಿನ ಭಾರಕ್ಕೆ ಒಳಗಿನ ಗಾಳಿಯನ್ನು ಕಳೆದುಕೊಂಡು, ಗಟ್ಟಿಯಾದ ಗಡ್ಡೆಯಾಗುತ್ತದೆ. ದಪ್ಪವು ಬೆಳೆದಂತೆ ತನ್ನ ಭಾರದಿಂದಲೇ ಅದು ಇಳಿಜಾರಿನಲ್ಲಿ ಜರುಗತೊಡಗುತ್ತದೆ. ಕಣ್ಣಿಗೆ ಕಾಣದ ಈ ನಡಿಗೆಯು ಅನೇಕ ಹಿಮನದಿಗಳಲ್ಲಿ ವರ್ಷಕ್ಕೆ ಹತ್ತಾರು ಮೀಟರುಗಳಷ್ಟಿರುತ್ತದೆ.

ಇದಕ್ಕೆ ಸೊಗಸಾದ ನಿದರ್ಶನವೊಂದುಂಟು. ಸ್ವಿಟ್ಜರ್ಲೆಂಡಿನ ಹೂಗಿ ಎಂಬ ವಿದ್ವಾಂಸನು 1827ರಲ್ಲಿ ಉಂಟರಾರ್ ಹಿಮನದಿಯ ಮೇಲೆ ಗುಡಿಸಲೊಂದನ್ನು ಕಟ್ಟಿದನು. ಹನ್ನೆರಡು ಹದಿಮೂರು ವರ್ಷಗಳ ಬಳಿಕ ಅದನ್ನು ಹುಡುಕಿದಾಗ, ಸಾವಿರ ಮೀಟರಿಗೂ ಹೆಚ್ಚು ಕೆಳಗೆ ಸಾಗಿಹೋಗಿತ್ತು. ಗುಡಿಸಲಿಗೆ ಕಾಲಿರಲಿಲ್ಲ, ಅದು ನಿಂತ ನೆಲವೇ ನಡೆದಿತ್ತು.

ನಡೆಯುವ ಹಿಮವು ಬಂಡೆಗಳನ್ನು ಉಜ್ಜುತ್ತ, ಕಲ್ಲುಮಣ್ಣುಗಳನ್ನು ಹೊತ್ತು ತರುತ್ತದೆ. ಆದುದರಿಂದ ಹಿಮಾಲಯದ ಹಿಮನದಿಯನ್ನು ಮೊದಲ ಬಾರಿಗೆ ನೋಡಿದ ವಿದ್ಯಾರ್ಥಿಗೆ ನಿರಾಶೆಯಾಗುವ ಸಂಭವವುಂಟು. ಚಿತ್ರಪಟದ ಧವಳಶೋಭೆಯನ್ನು ನಿರೀಕ್ಷಿಸಿ ಹೋದವನಿಗೆ ಗೋಮುಖದಲ್ಲಿ ಕಾಣುವುದು ಕಲ್ಲುಮಣ್ಣು ಹೊದ್ದ ಬೂದುಬಣ್ಣದ ಗುಡ್ಡ. ಅದರ ಬಾಯಲ್ಲಿ, ಬಿರಿದ ಗಡ್ಡೆಯ ನಡುವೆ ನೀಲಿಯ ಹೊಳಪು. ಅಡಿಯಿಂದ ಕಲಕಿದ ನೀರಾಗಿ ಹೊರಡುತ್ತಿರುವ ಭಾಗೀರಥಿ. ಉಪಾಧ್ಯಾಯನು ಜೊತೆಯಲ್ಲಿರಬೇಕಾದುದು ಆ ನಿರಾಶೆಯ ಕ್ಷಣದಲ್ಲಿಯೇ.

ಹಿಂಜರಿತ

ಹಿಮನದಿಯು ಮುಂದೆ ನಡೆಯುತ್ತಿದ್ದರೂ ಅದರ ತುದಿಯು ಹಿಂದೆ ಸರಿಯಬಲ್ಲುದು. ಮೇಲಿನಿಂದ ಬರುವುದಕ್ಕಿಂತ ತುದಿಯಲ್ಲಿ ಕರಗುವುದು ಹೆಚ್ಚಾದರೆ ಹೀಗಾಗುತ್ತದೆ; ಆಯಕ್ಕಿಂತ ವ್ಯಯವು ಮಿಕ್ಕ ಮನೆತನದಂತೆ. ಭಾರತೀಯ ಭೂವಿಜ್ಞಾನ ಸರ್ವೇಕ್ಷಣ ಸಂಸ್ಥೆಯ ಆಡನ್ 1935ರಲ್ಲಿ ಗೋಮುಖದ ನಕ್ಷೆಯನ್ನು ಸಿದ್ಧಪಡಿಸಿದನು. ಸುಮಾರು 30 ಕಿಲೋಮೀಟರ್ ಉದ್ದದ ಗಂಗೋತ್ರಿ ಹಿಮನದಿಯ ತುದಿಯು ಅಲ್ಲಿಂದ ಈಚೆಗೆ ಒಂದು ಕಿಲೋಮೀಟರಿಗೂ ಹೆಚ್ಚು ಹಿಂದೆ ಸರಿದಿದೆ. ಕೆನಡದ ಅಥಬಾಸ್ಕ ಹಿಮನದಿಗೆ ಹೋಗುವ ದಾರಿಯಲ್ಲಿ, ಯಾವ ವರ್ಷ ಹಿಮದ ಅಂಚು ಎಲ್ಲಿತ್ತೆಂಬುದನ್ನು ಸೂಚಿಸುವ ಫಲಕಗಳಿವೆ. ತಂದೆತಾಯಿಗಳ ಬಾಲ್ಯಕಾಲದ ಫಲಕವನ್ನು ದಾಟಿ ಬರಿಯ ಕಲ್ಲಿನ ಮೇಲೆ ಬಹಳ ನಡೆದ ಮೇಲಲ್ಲದೆ ಇಂದಿನ ತರುಣನಿಗೆ ಹಿಮವು ಸಿಕ್ಕದು. ಐಸ್‌ಲೆಂಡಿನಲ್ಲಿ ಓಕ್ ಎಂಬ ಹಿಮನದಿಯು ತೆಳುವಾಗಿ ಚಲನೆಯನ್ನೇ ಕಳೆದುಕೊಂಡಾಗ, 2019ರಲ್ಲಿ ಅಲ್ಲಿಯ ಜನರು ಅದಕ್ಕೊಂದು ಸ್ಮಾರಕಫಲಕವನ್ನು ಇಟ್ಟರು. ವಿಶ್ವಸಂಸ್ಥೆಯು 2025ನೆಯ ವರ್ಷವನ್ನು ಹಿಮನದಿಗಳ ಸಂರಕ್ಷಣೆಗಾಗಿ ಮೀಸಲಿಟ್ಟು, ಮಾರ್ಚ್ 21ನ್ನು ಹಿಮನದಿಗಳ ದಿನವೆಂದು ಗೊತ್ತುಮಾಡಿತು.

ಕೇದಾರದ ಪಾಠ

ಕನ್ನಡನಾಡಿಗೆ ಅತ್ಯಂತ ಹತ್ತಿರದ ಹಿಮನದಿಯು ಯಾವುದೆಂದರೆ, ದೂರದಿಂದಲ್ಲ, ಬಾಂಧವ್ಯದಿಂದ, ಕೇದಾರದ ಚೋರಾಬಾರಿ ಎನ್ನಬೇಕು. ಕೇದಾರನಾಥದ ರಾವಲರು ಪರಂಪರೆಯಿಂದ ವೀರಶೈವರು. ಅಲ್ಲಿಯ ಅರ್ಚಕರಲ್ಲಿ ಕರ್ನಾಟಕದಿಂದ ಹೋದವರುಂಟು. ಚಳಿಗಾಲದಲ್ಲಿ ದೇಗುಲದ ಬಾಗಿಲು ಮುಚ್ಚಿದಾಗ ಪೂಜೆಯು ಊಖೀಮಠದಲ್ಲಿ ನಡೆಯುತ್ತದೆ. ದೇಗುಲದ ಹಿಂದಿನ ಎತ್ತರದಲ್ಲಿ ಚೋರಾಬಾರಿ ಹಿಮನದಿ. ಅದರ ನೀರೇ ಮಂದಾಕಿನಿ. ಹಿಮನದಿಯು ಒಡ್ಡಿದ ಕಲ್ಲುಮಣ್ಣಿನ ದಿಬ್ಬದ ಮಗ್ಗುಲಲ್ಲಿ ಸರೋವರವೊಂದಿತ್ತು. 1948ರಲ್ಲಿ ಮಹಾತ್ಮ ಗಾಂಧಿಯವರ ಚಿತಾಭಸ್ಮದ ಒಂದು ಭಾಗವನ್ನು ಅಲ್ಲಿ ವಿಸರ್ಜಿಸಿದುದರಿಂದ ಅದಕ್ಕೆ ಗಾಂಧಿಸರೋವರವೆಂಬ ಹೆಸರಾಯಿತು.

2013ರ ಜೂನ್ ತಿಂಗಳಲ್ಲಿ ಅಕಾಲದ ಅತಿವೃಷ್ಟಿಯೂ ಕರಗಿದ ಹಿಮವೂ ಸೇರಿ ಸರೋವರವು ತುಂಬಿತು. 16ರ ಸಂಜೆಯೇ ಪ್ರವಾಹವು ಊರನ್ನು ಹೊಕ್ಕಿತ್ತು. 17ರ ಬೆಳಗ್ಗೆ ದಿಬ್ಬವು ಒಡೆಯಿತು. ನೀರೂ ಬಂಡೆಗಳೂ ಊರಿನ ಮೇಲೆ ಎರಗಿದುವು. ಹಿಂಬದಿಗೆ ಹೆಬ್ಬಂಡೆಯೊಂದು ಬಂದು ನಿಂತು ಪ್ರವಾಹವು ಎರಡಾಗಿ ಸೀಳಿ, ದೇಗುಲವು ಉಳಿಯಿತು. ಸುತ್ತಲಿನ ಊರು ಉಳಿಯಲಿಲ್ಲ. ಉತ್ತರಾಖಂಡದಲ್ಲಿ ಆ ದಿನಗಳಲ್ಲಿ ಅಸುನೀಗಿದವರು, ಕಣ್ಮರೆಯಾದವರು ಐದು ಸಾವಿರಕ್ಕೂ ಹೆಚ್ಚು. ಗಟ್ಟಿನೆಲವೆಂದು ನಂಬಿ ಕಟ್ಟಿದ ವಸತಿಗಳು ಹಿಂದೆ ಹಿಮನದಿಯೂ ಹೊಳೆಯೂ ತಂದು ಒಟ್ಟಿದ ಸಡಿಲ ರಾಶಿಯ ಮೇಲಿದ್ದುವು. ಆ ನೆಲದ ಚರಿತ್ರೆಯನ್ನು ಓದಬಲ್ಲವರ ಸಂಖ್ಯೆಯು ಬೆಳೆಯಬೇಕೆಂಬುದೇ ಈ ಪಾಠದ ಉದ್ದೇಶ.

ಯಾತ್ರಾವಿಧಿ

ಹೊರಡುವ ಮೊದಲು ನಕ್ಷೆಯನ್ನು ಓದಿಸತಕ್ಕದ್ದು. ಎತ್ತರದ ತಾಣಗಳಲ್ಲಿ ಪ್ರಾಣವಾಯುವು ವಿರಳವಾದುದರಿಂದ ನಿಧಾನವಾಗಿ, ತಂಗಿ ತಂಗಿ ಏರಬೇಕು. ತಲೆನೋವು ವಾಕರಿಕೆಗಳು ಹೆಚ್ಚಿದರೆ ಸಂಕೋಚಪಡದೆ ಕೆಳಗಿಳಿಯಬೇಕು. ಹೊಸ ಹಿಮವು ಆಳವಾದ ಬಿರುಕುಗಳನ್ನು ಮುಚ್ಚಿರುತ್ತದೆ. ಆದುದರಿಂದ ಬಲ್ಲವರ ಜೊತೆಯಿಲ್ಲದೆ ಗಡ್ಡೆಯ ಮೇಲೆ ಕಾಲಿಡಬಾರದು, ತುದಿಯ ಕಮಾನಿನ ಕೆಳಗೆ ನಿಲ್ಲಬಾರದು. ಒಯ್ದ ವಸ್ತುಗಳ ಕಸವನ್ನು ಮರಳಿ ತರಬೇಕು. ಗೋಮುಖಕ್ಕೆ ಹೋಗುವವರ ಸಂಖ್ಯೆಗೆ ಸರ್ಕಾರವು ಮಿತಿಯನ್ನು ವಿಧಿಸಿದ್ದು ಈ ಕಾರಣದಿಂದಲೇ. ಹಿಂದಿರುಗಿದ ಬಳಿಕ ಪ್ರತಿಯೊಬ್ಬ ವಿದ್ಯಾರ್ಥಿಯೂ ಕಂಡುದನ್ನು ಕನ್ನಡದಲ್ಲಿ ಬರೆದು, ಹೋಗಲಾರದ ಸಹಪಾಠಿಗಳ ಮುಂದೆ ಓದಬೇಕು. ಹತ್ತು ಮಂದಿಯ ಪ್ರಯಾಣಕ್ಕೆ ದಾನಿಗಳು ಕೊಟ್ಟ ಹಣವು ಆಗ ಇಡೀ ಶಾಲೆಗೆ ಸಂದಂತಾಗುತ್ತದೆ.

ಊರಿನ ನದಿ

ವಿನಿಮಯವೆಂದರೆ ಕೊಡುವುದೂ ಕೊಳ್ಳುವುದೂ ಕೂಡಿದ್ದು. ಹಿಮನದಿಯ ನಾಡಿನ ಬಾಲಕನೊಬ್ಬನು ಕೆಂಗೇರಿಗೆ ಬಂದು, “ನಿಮ್ಮ ನದಿ ಯಾವುದು?” ಎಂದು ಕೇಳಿದರೆ ತೋರಿಸುವುದೇನನ್ನು? ಬಸವನಗುಡಿಯ ನಂದಿಯ ಪಾದದಲ್ಲಿ ಹುಟ್ಟಿತೆಂದು ಪ್ರತೀತಿಯುಳ್ಳ ವೃಷಭಾವತಿಯು ನಗರದ ಕೊಳೆಯನ್ನು ಹೊತ್ತು ಕೆಂಗೇರಿಯ ಪಕ್ಕದಲ್ಲಿ ಹರಿದು ಅರ್ಕಾವತಿಯನ್ನು ಸೇರುತ್ತದೆ. ಅರ್ಕಾವತಿಯು ಸಂಗಮದಲ್ಲಿ ಕಾವೇರಿಯನ್ನು ಕೂಡುತ್ತದೆ. ಬೆಂಗಳೂರಿನ ನಲ್ಲಿಗಳಿಗೆ 1974ರಿಂದ ಸುಮಾರು 100 ಕಿಲೋಮೀಟರ್ ದೂರದಿಂದ ಬರುತ್ತಿರುವುದು ಕಾವೇರಿಯ ನೀರು. ಗಂಗೆಗೆ ಬೇಸಗೆಯಲ್ಲಿ ಕರಗುವ ಹಿಮದ ಆಸರೆಯುಂಟು. ಕಾವೇರಿಗೆ ಮಳೆಯೊಂದೇ ಗತಿ. ಮೇಲೆ ಹಿಮದ ಭಂಡಾರವಿಲ್ಲದ ನಾಡು ಕೆರೆಗಳನ್ನೇ ಭಂಡಾರವಾಗಿ ಕಟ್ಟಿಕೊಂಡಿತು. ಅವುಗಳನ್ನು ಕಾಯುವ ಹೊಣೆಯು ಈಗಿನವರದು.

ಹಿಮಾನಿಯನ್ನು ಕಂಡು ಬಂದ ವಿದ್ಯಾರ್ಥಿಯು ಮನೆಯ ನಲ್ಲಿಯನ್ನು ತಿರುಗಿಸುವಾಗ ಕ್ಷಣಕಾಲ ತಡೆದರೆ, ಊರ ಹೊಳೆಗೆ ಕಸವನ್ನು ಎಸೆಯಲು ಎತ್ತಿದ ಕೈಯನ್ನು ಹಿಂದೆಗೆದರೆ, ಅವನ ಯಾತ್ರೆಯು ಸಫಲವಾಯಿತು. ಅಂಗೈಯ ಆಲಿಕಲ್ಲನ್ನು ಉಳಿಸಿಕೊಳ್ಳುವುದು ಮಗುವಿನ ಕೈಯಲ್ಲಿರಲಿಲ್ಲ. ಈ ನೀರನ್ನು ಉಳಿಸಿಕೊಳ್ಳುವುದು ಬೆಳೆದವರ ಕೈಯಲ್ಲಿದೆ.